ಮಿತವಾದ ಬೆಲೆಯಲ್ಲಿ ಮಾಗಿದ ಟಾನಿ ಪೋರ್ಟ್ ಆರಿಸಿ ಊರಿಗೆ ತಂದ ಅನುಭವ

ಕೆಲಸದ ಮೇಲೆ ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ಕೆಲವು ತಿಂಗಳು ಇದ್ದು, ಮರದ ಪೀಪಾಯಿಯಲ್ಲಿ ಮಾಗಿದ ಟಾನಿ ಪೋರ್ಟ್ ವೈನುಗಳನ್ನು ಹೋಲಿಸಿ ನೋಡಿ, ಕೈಗೆಟಕುವ ಬೆಲೆಯವನ್ನು ಆರಿಸಿ ಬೆಂಗಳೂರಿಗೆ ತರುವ ಕೆಲಸವನ್ನು ಈಗಷ್ಟೇ ಮುಗಿಸಿದ್ದೇನೆ. ಅದಕ್ಕೆ ಮೊದಲು ಪೋರ್ಟ್ ಎಂದರೆ ನನಗೆ ಗೊತ್ತಿದ್ದದ್ದು ಗೋವಾಕ್ಕೆ ಹೋದವರು ಮರಳುವಾಗ ತರುತ್ತಿದ್ದ ಅಗ್ಗದ ಸಿಹಿ ಕೆಂಪು ವೈನು ಮಾತ್ರ. ಅಂಗಡಿಯಲ್ಲಿ ನಿಂತು ಬಾಟಲಿಯ ಮೇಲಿನ ಚೀಟಿ ಓದುವುದರಿಂದ ಹಿಡಿದು, ಸುಂಕ ಕಟ್ಟಬೇಕಿಲ್ಲದವರು ಹೊರಬರುವ ವಿಮಾನ ನಿಲ್ದಾಣದ ಹಸಿರು ದಾರಿಯವರೆಗೆ ಗೊಂದಲ ಎಲ್ಲೆಲ್ಲಿ ಎದುರಾಯಿತೋ ಅದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಆ ಕಡೆ ಹೋಗುವವರಿಗೆ, ಅಥವಾ ಯಾರಿಂದಲಾದರೂ ತರಿಸಿಕೊಳ್ಳುವವರಿಗೆ ಇದು ನೆರವಾಗಬಹುದು.

ತರಲು ಹೇಳಿದ್ದು ನನ್ನ ಅಕ್ಕನ ಗಂಡ. ಅವರ ನಿವೃತ್ತಿಯ ಊಟಕ್ಕೆ ನಾನು ಊರಿಗೆ ಬರುವುದು ಖಚಿತವಾದ ಮೇಲೆ ಫೋನಿನಲ್ಲಿ, "ಅಲ್ಲಿಂದ ಬರುವಾಗ ಒಳ್ಳೆಯ ಪೋರ್ಟ್ ತಗೊಂಡು ಬಾರೋ, ಹಳೆಯದು, ಚೆನ್ನಾಗಿ ಮಾಗಿದ್ದು. ಆದರೆ ಸುಮ್ಮನೆ ದುಡ್ಡು ಸುರಿಯಬೇಡ" ಎಂದರು. "ಆಯ್ತು ಭಾವ, ನೋಡ್ತೀನಿ" ಎಂದೆ. ಹಳೆಯದೂ ಆಗಿರಬೇಕು, ದುಬಾರಿಯೂ ಆಗಿರಬಾರದು ಎಂಬ ಆ ಎರಡು ಷರತ್ತುಗಳು ಒಟ್ಟಿಗೆ ಕೂಡುವ ಜಾಗ ಎಲ್ಲಿದೆ ಎಂದು ಹುಡುಕುವುದರಲ್ಲೇ ಅಲ್ಲಿನ ಹಲವು ಶನಿವಾರಗಳು ಕಳೆದವು.

ಮೊದಲು ಮನೆಯ ಹತ್ತಿರದ ಸೂಪರ್‌ಮಾರ್ಕೆಟ್ಟಿಗೆ ಹೋದೆ. ಬರೀ "ಟಾನಿ" ಎಂದು ಬರೆದವು ಏಳೆಂಟು ಯೂರೋ, "ರಿಸರ್ವ್ ಟಾನಿ" ಎಂದಿದ್ದವು ಹತ್ತರಿಂದ ಹದಿನೈದು, "10" ಎಂಬ ಅಂಕಿಯಿದ್ದವು ಇಪ್ಪತ್ತರ ಆಚೀಚೆ, "20" ಇದ್ದವು ನಲವತ್ತರಿಂದ ಅರವತ್ತು ಯೂರೋ. ಇವುಗಳ ನಡುವೆ 2000ದ ಈಚಿನ ಯಾವುದೋ ಒಂದು ಇಸವಿ ನಮೂದಿಸಿದ್ದ ಬಾಟಲಿಗಳು ಬೇರೆ. ಕೆಲವು ಬಾಟಲಿಗಳ ಮೇಲೆ 1638 ಎಂದೂ ಇತ್ತು. ಅದು ಕೊಪ್ಕೆ ಎಂಬ ಮನೆತನ ವ್ಯಾಪಾರ ಆರಂಭಿಸಿದ ವರ್ಷವೇ ಹೊರತು ವೈನಿನ ವಯಸ್ಸಲ್ಲ. ಹೊಸಬರ ಕಣ್ಣು ಮೊದಲು ಹೋಗುವುದು ದೊಡ್ಡ ಅಕ್ಷರದ ಅಂಕಿಯ ಮೇಲೆ. ಆದ್ದರಿಂದ ಅಂಗಡಿಗೆ ಕಾಲಿಡುವ ಮುನ್ನವೇ ಈ ಅಂಕಿಗಳ ಅರ್ಥವನ್ನು ತಿಳಿದಿರುವುದು ಒಳ್ಳೆಯದು.

ಪೋರ್ಟ್ ವೈನಿನ ದ್ರಾಕ್ಷಿ ಬೆಳೆಯುವುದು ಪೋರ್ಟೊದಿಂದ ಒಳನಾಡಿಗೆ ಹೋದರೆ ಸಿಗುವ ದೌರು ನದಿಯ ಕಣಿವೆಯಲ್ಲಿ. 1756ರಲ್ಲೇ ಆ ಸೀಮೆಗೆ ಗಡಿ ಗುರುತಿಸಿ, ಅಲ್ಲಿ ಬೆಳೆದದ್ದಕ್ಕೆ ಮಾತ್ರ ಪೋರ್ಟ್ ಎಂಬ ಹೆಸರು ಸಲ್ಲುವಂತೆ ಕಟ್ಟುಪಾಡು ತಂದರು. ದ್ರಾಕ್ಷಾರಸ ಹುದುಗುತ್ತಿರುವಾಗ, ಅದರ ಸಕ್ಕರೆ ಸುಮಾರು ಅರ್ಧ ಉಳಿದಿರುವ ಹಂತದಲ್ಲಿ, 77% ಮದ್ಯಸಾರವಿರುವ ದ್ರಾಕ್ಷಿಯ ಸಾರಾಯಿಯನ್ನು ಬೆರೆಸಿ ಹುದುಗುವಿಕೆಯನ್ನು ನಿಲ್ಲಿಸುತ್ತಾರೆ. ಪೋರ್ಟ್ ಸಿಹಿಯಾಗಿಯೂ 20% ಆಸುಪಾಸಿನ ಮದ್ಯಸಾರವಿರುವ ಗಟ್ಟಿ ಪೇಯವಾಗಿಯೂ ಇರುವುದು ಈ ಕಾರಣಕ್ಕೆ. ಇದನ್ನು ದೊಡ್ಡ ತೊಟ್ಟಿಗಳಲ್ಲಿ ಸ್ವಲ್ಪ ಕಾಲವಷ್ಟೇ ಇಟ್ಟು ತುಂಬಿಸಿದರೆ ಗಾಢ ಕೆಂಪಿನ ರೂಬಿಯಾಗುತ್ತದೆ. ಸುಮಾರು 550 ಲೀಟರ್ ಹಿಡಿಯುವ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಬಿಟ್ಟರೆ ಮರದ ಸಂದಿಯಿಂದ ಉಸಿರಾಡುತ್ತ, ಬಣ್ಣ ಕಳೆದುಕೊಳ್ಳುತ್ತ, ಟಾನಿಯಾಗುತ್ತದೆ.

ಇನ್ನು ಚೀಟಿಯ ಮೇಲಿನ 10, 20, 30, 40 ಎಂಬ ಅಂಕಿಗಳ ವಿಚಾರ. ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. 10 ಎಂದು ಬರೆದ ಬಾಟಲಿಯಲ್ಲಿರುವ ಪ್ರತಿ ಹನಿಯೂ ಹತ್ತು ವರ್ಷ ಹಳೆಯದು ಎಂದಲ್ಲ. ಎಳೆಯ ವೈನನ್ನೂ ಬಹಳ ಹಳೆಯದನ್ನೂ ಸೇರಿಸಿ, ಹತ್ತು ವರ್ಷ ಮಾಗಿದ ಟಾನಿಗೆ ಇರಬೇಕಾದ ಬಣ್ಣ, ಘಮ, ರುಚಿ ಬರುವಂತೆ ಆಯಾ ಮನೆತನದವರು ಹದಗೊಳಿಸುತ್ತಾರೆ. ದೌರು ಮತ್ತು ಪೋರ್ಟ್ ವೈನುಗಳ ಸರ್ಕಾರಿ ಸಂಸ್ಥೆಯ ಸವಿನೋಟ ಮಂಡಳಿ ಅದನ್ನು ಕುಡಿದು ಪರೀಕ್ಷಿಸಿ, ಆ ವಯಸ್ಸಿನ ಗುಣ ಇದೆ ಎಂದು ಒಪ್ಪಿದರೆ ಮಾತ್ರ ಆ ಅಂಕಿಯನ್ನು ಹಾಕಬಹುದು. 2022ರಿಂದ 50 ವರ್ಷದ ದರ್ಜೆಯೂ ಸೇರಿಕೊಂಡಿದೆ. ಹಾಗಾಗಿ ಇಬ್ಬರು ತಯಾರಕರ 10 ವರ್ಷದ ಟಾನಿಗಳು ಒಂದೇ ರುಚಿಯಲ್ಲಿ ಇರಬೇಕೆಂದೇನೂ ಇಲ್ಲ, ಇರುವುದೂ ಇಲ್ಲ. ಅಂಕಿ ಹೇಳುವುದು ದರ್ಜೆಯನ್ನು. ಬಾಟಲಿಯೊಳಗಿನ ಸ್ವಭಾವವನ್ನು ನಿರ್ಧರಿಸುವುದು ಹದಗೊಳಿಸಿದವರ ಕೈ.

ಇಸವಿ ಹಾಕಿದ ಟಾನಿಗಳ ಲೆಕ್ಕ ಬೇರೆ. ಅವನ್ನು ಕೊಲ್ಯೇಟಾ ಎನ್ನುತ್ತಾರೆ. ಒಂದೇ ವರ್ಷದ ಸುಗ್ಗಿಯ ವೈನನ್ನು ಕನಿಷ್ಠ ಏಳು ವರ್ಷ ಮರದಲ್ಲಿ ಮಾಗಿಸಿದ ಮೇಲೆ ತುಂಬುತ್ತಾರೆ. ಅದರ ಚೀಟಿಯಲ್ಲಿ ಸುಗ್ಗಿಯ ಇಸವಿ ಮತ್ತು ಬಾಟಲಿಗೆ ತುಂಬಿದ ಇಸವಿ ಎರಡೂ ಇರುತ್ತವೆ. ಅವುಗಳ ನಡುವಿನ ಅಂತರವೇ ಅದು ಮರದಲ್ಲಿ ಕಳೆದ ಕಾಲ. ಬರೀ "ಟಾನಿ" ಎಂದಿರುವ ಅಗ್ಗದ ಬಾಟಲಿಗಳಲ್ಲಿ ಬಣ್ಣ ತಿಳಿಯಾಗಿರುವುದು ಎಷ್ಟೋ ಬಾರಿ ವಯಸ್ಸಿನಿಂದಲ್ಲ, ಮೊದಲಿಗೇ ದ್ರಾಕ್ಷಿಯ ಸಿಪ್ಪೆಯಿಂದ ಬಣ್ಣ ಕಡಿಮೆ ತೆಗೆದಿರುವುದರಿಂದ. ಮಾಗಿದ ಟಾನಿಯ ರುಚಿ ಅರಿಯಬೇಕೆಂದು ಹೊರಟವರು ಅವನ್ನು ಕುಡಿದು ಇಡೀ ಬಗೆಯ ಬಗ್ಗೆ ತೀರ್ಪು ಕೊಡಬಾರದು.

ಇಷ್ಟು ತಿಳಿದ ಮೇಲೆ ಒಂದನೇ ಲೂಯಿಸ್ ದೊರೆಯ ಹೆಸರಿನ ಕಬ್ಬಿಣದ ಸೇತುವೆ ದಾಟಿ, ನದಿಯ ಆಚೆ ದಂಡೆಯ ವಿಲಾ ನೋವಾ ದ ಗಾಯಾಕ್ಕೆ ಹೋದೆ. ಹೆಸರಾಂತ ತಯಾರಕರ ಉಗ್ರಾಣಗಳೆಲ್ಲ ಅಲ್ಲಿನ ಇಳಿಜಾರಿನಲ್ಲಿ ಒತ್ತೊತ್ತಾಗಿವೆ. ಕಣಿವೆಯ ಒಳಭಾಗದಲ್ಲಿ ಬೇಸಿಗೆಯ ಬಿಸಿಲು ಉರಿಯುತ್ತದೆ. ಸಮುದ್ರದ ಹತ್ತಿರವಿರುವ ಗಾಯಾ ತಂಪು, ತೇವ. ವೈನು ಅವಸರವಿಲ್ಲದೆ ಮಾಗಲು ಇದು ಒಳ್ಳೆಯದೆಂದು ಹಿಂದಿನಿಂದ ಇಲ್ಲಿಗೆ ದೋಣಿಗಳಲ್ಲಿ ತಂದು ಇಡುತ್ತಿದ್ದರು, ಮತ್ತು 1986ರವರೆಗೆ ರಫ್ತಾಗುವ ಪೋರ್ಟ್ ಗಾಯಾದಿಂದಲೇ ಹೊರಡಬೇಕೆಂಬ ಕಾನೂನೂ ಇತ್ತು. ಆಮೇಲಷ್ಟೇ ಕಣಿವೆಯ ತೋಟದವರು ತಮ್ಮ ವೈನನ್ನು ತಾವೇ ಮಾಗಿಸಿ ನೇರವಾಗಿ ಹೊರದೇಶಕ್ಕೆ ಮಾರಲು ಸಾಧ್ಯವಾಯಿತು. ಒಂದು ಉಗ್ರಾಣದೊಳಗೆ ಕಾಲಿಟ್ಟಾಗ ಕಪ್ಪಿಟ್ಟ ಪೀಪಾಯಿಗಳ ಸಾಲು, ಮಣ್ಣಿನ ತೇವ, ಗಾಳಿಯಲ್ಲೇ ಬೆರೆತಿದ್ದ ಒಣದ್ರಾಕ್ಷಿಯ ಘಮ ಎಲ್ಲ ಸೇರಿ ಮನಸ್ಸು ತುಂಬಿ ಬಂತು. ಆ ಘಮವೆಂದರೆ ವರ್ಷಕ್ಕೆ ನೂರರಲ್ಲಿ ಎರಡು ಪಾಲಿನಷ್ಟು ವೈನು ಮರದಿಂದ ಆವಿಯಾಗಿ ಹೋಗುತ್ತಿರುವುದರ ಗುರುತು. 20 ವರ್ಷದ ಟಾನಿಗೆ 10 ವರ್ಷದ್ದರ ಇಮ್ಮಡಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆಲೆ ಏಕೆಂದು ಅಲ್ಲಿ ನಿಂತಾಗ ತಾನಾಗಿ ಅರ್ಥವಾಯಿತು.

ಆದರೆ ಅಲ್ಲಿ ಕಾಯುವುದು ತಪ್ಪಲಿಲ್ಲ. ಬೇಸಿಗೆಯ ಶನಿವಾರಗಳಲ್ಲಿ ಮುಂಗಡ ಕಾಯ್ದಿರಿಸದೆ ಹೋದರೆ ಇಂಗ್ಲಿಷಿನಲ್ಲಿ ವಿವರಿಸುವ ತಂಡಕ್ಕೆ ಸೇರಲು ಸಂಜೆಯಾಗಬಹುದು. ಒಂದು ಕಡೆ ಹಣ ಕಟ್ಟಿ, ಹೇಳಿದ ಹೊತ್ತಿಗೆ ಹೋಗಿಯೂ ಬಿಸಿಲಿನಲ್ಲಿ ಬಹಳ ಹೊತ್ತು ನಿಂತೆ. ಕೊನೆಗೆ ಸವಿಯುವ ಮೇಜಿಗೆ ಬಂದಾಗ, ಟಿಕೆಟಿನಲ್ಲಿ ಇದ್ದ 20 ವರ್ಷದ ಟಾನಿ ಮುಗಿದಿದೆಯೆಂದು ಅದರ ಬದಲು ರಿಸರ್ವ್ ಕೊಟ್ಟರು. ಕೇಳಿದ ಮೇಲೆ ವ್ಯತ್ಯಾಸದ ಹಣ ಮರಳಿಸಿದರು ಎನ್ನುವುದು ನಿಜ, ಆದರೆ ನಾನು ಹೋಗಿದ್ದದ್ದೇ ಅದನ್ನು ಸವಿಯಲು. ಹೊಸಬರಿಗೆ ನನ್ನ ಸಲಹೆಯೆಂದರೆ, ಉಗ್ರಾಣ ಸುತ್ತುವುದನ್ನು ಒಂದು ಕಡೆ ಮಾಡಿದರೆ ಸಾಕು. ಉಳಿದ ಕಡೆಗಳಲ್ಲಿ ಸುತ್ತಾಟವಿಲ್ಲದೆ ಸವಿಯುವ ಕೋಣೆಗೆ ಮಾತ್ರ ಹೋಗಿ, ಲೋಟದ ಲೆಕ್ಕದಲ್ಲಿ ಬೇಕಾದದ್ದನ್ನು ತರಿಸಿಕೊಳ್ಳಬಹುದು. ವಾರದ ದಿನ ಬೆಳಗ್ಗೆ ಹೋದರೆ ಜನ ಕಡಿಮೆ, ವಿವರಿಸುವವರಿಗೂ ಪುರುಸೊತ್ತು.

ಹಾಗೆ ಸ್ಯಾಂಡಮನ್, ಟೇಲರ್ಸ್, ಗ್ರಹಾಮ್ಸ್, ರಾಮೊಸ್ ಪಿಂಟೊ, ಫೆರೇರಾ ಮುಂತಾದವರ ಟಾನಿಗಳನ್ನು ಲೋಟದಲ್ಲಿ ಸವಿದೆ. ಬಿಳಿ ಕಾಗದವನ್ನು ಹಿಂದೆ ಹಿಡಿದು ಲೋಟವನ್ನು ಓರೆ ಮಾಡಿ ಅಂಚನ್ನು ನೋಡಲು ಒಬ್ಬ ಮಹಿಳೆ ಹೇಳಿಕೊಟ್ಟರು. ರಿಸರ್ವ್‌ನಲ್ಲಿ ಇನ್ನೂ ಕೆಂಪು ಉಳಿದಿತ್ತು. 10 ವರ್ಷದ್ದರ ನಡುವೆ ಇಟ್ಟಿಗೆಯ ಬಣ್ಣ, ಅಂಚಿನಲ್ಲಿ ಕಿತ್ತಳೆಯ ಛಾಯೆ. 20 ವರ್ಷದ್ದು ಪೂರ್ತಿ ಹೊಂಗಂದು. 40 ವರ್ಷದ್ದನ್ನು ಪಕ್ಕದ ಮೇಜಿನವರು ತರಿಸಿಕೊಂಡಿದ್ದರು. ಅದರ ಅಂಚಿನಲ್ಲಿ ಹಸಿರು ಛಾಯೆ ಕಾಣುವುದನ್ನು ಅವರ ಒಪ್ಪಿಗೆ ಪಡೆದು ಆಕೆ ನನಗೂ ತೋರಿಸಿದರು. ಮೂಗಿಗೆ ಹಿಡಿದಾಗ ರಿಸರ್ವ್‌ನಲ್ಲಿ ಹಣ್ಣು ಮುಂದಿತ್ತು, 10ರಲ್ಲಿ ಒಣ ಅಂಜೂರ ಮತ್ತು ಅಕ್ರೋಟು, 20ರಲ್ಲಿ ಸುಟ್ಟ ಸಕ್ಕರೆ, ಕಿತ್ತಳೆ ಸಿಪ್ಪೆ, ಹುರಿದ ಬಾದಾಮಿ. 20 ವರ್ಷದ್ದನ್ನು ನುಂಗಿದ ಎಷ್ಟೋ ಹೊತ್ತಿನ ಮೇಲೂ, ಮಲೆನಾಡಿನ ಜೋನಿ ಬೆಲ್ಲ ತಿಂದಾಗ ಉಳಿಯುವಂತೆ, ನಾಲಿಗೆಯ ಬುಡದಲ್ಲಿ ಘಮ ಉಳಿದಿತ್ತು.

ಬೇರೆ ಬೇರೆ ದಿನ, ಬೇರೆ ಬೇರೆ ಕೋಣೆಗಳಲ್ಲಿ ಸವಿದದ್ದನ್ನು ನೆನಪಿನಿಂದ ಹೋಲಿಸುವುದು ಆಗದ ಮಾತು ಎಂದು ಬೇಗನೆ ಮನವರಿಕೆಯಾಯಿತು. ಒಂದು ಕಡೆ ಚಾಕೊಲೇಟು ಕೊಡುತ್ತಾರೆ, ಇನ್ನೊಂದು ಕಡೆ ಚೀಸು. ಒಂದು ಕಡೆ ಲೋಟ ತಣ್ಣಗೆ, ಮತ್ತೊಂದು ಕಡೆ ಬೆಚ್ಚಗೆ. ಆದ್ದರಿಂದ 10 ವರ್ಷದ ದರ್ಜೆಯೊಳಗೇ ಮೂರನ್ನು ಕೊಂಡು ಮನೆಯಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಲು ನಿಶ್ಚಯಿಸಿದೆ: ಗ್ರಹಾಮ್ಸ್, ಟೇಲರ್ಸ್, ಮತ್ತು ರಾಮೊಸ್ ಪಿಂಟೊದವರ ಎರ್ವಮೊಯಿರಾ ತೋಟದ್ದು. ಈ ಮೂರನೆಯದರ ತೋಟ 1990ರ ದಶಕದಲ್ಲಿ ಕೋಆ ನದಿಯ ಅಣೆಕಟ್ಟಿನಲ್ಲಿ ಮುಳುಗಬೇಕಿತ್ತು. ಆ ಕಣಿವೆಯ ಬಂಡೆಗಳಲ್ಲಿ ಆದಿಮಾನವರು ಕೊರೆದ ಚಿತ್ರಗಳು ಬೆಳಕಿಗೆ ಬಂದು ಯೋಜನೆ ನಿಂತದ್ದರಿಂದ ಉಳಿಯಿತು. ಮುಳುಗಡೆಯ ಕಥೆಗಳನ್ನು ಕೇಳುತ್ತಲೇ ಬೆಳೆದ ಶರಾವತಿಯ ಸೀಮೆಯವನಾದ ನನಗೆ ಆ ಬಾಟಲಿಯ ಮೇಲೆ ಮೊದಲಿಂದಲೇ ಒಲವಿತ್ತು, ಅದಕ್ಕಾಗಿಯೇ ಕಣ್ಣಿಗೆ ಕಾಣದಂತೆ ಸವಿಯುವ ಏರ್ಪಾಡು ಬೇಕಾಯಿತು.

ಕೊಳ್ಳುವಾಗ ಎದುರಾದ ಒಂದು ತೊಡಕನ್ನು ವಿವರವಾಗಿ ಹೇಳಬೇಕು. ಪ್ರವಾಸಿಗರು ಓಡಾಡುವ ಬೀದಿಯ ಒಂದು ಅಂಗಡಿಯಲ್ಲಿ ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ಜೋಡಿಸಿದ್ದ ಬಾಟಲಿಯನ್ನು ಕೈಗೆ ಕೊಟ್ಟರು. ಹಿಂದಿನ ಚೀಟಿಯನ್ನು ತಿರುಗಿಸಿ ನೋಡಿದರೆ ಬಾಟಲಿಗೆ ತುಂಬಿ ಬಹಳ ವರ್ಷಗಳಾಗಿದ್ದವು. ಈಚೆಗೆ ತುಂಬಿದ್ದು ಇದೆಯೇ ಎಂದು ಕೇಳಿದ್ದಕ್ಕೆ, ಪೋರ್ಟ್ ಇಟ್ಟಷ್ಟೂ ಒಳ್ಳೆಯದಾಗುತ್ತದೆ ಎಂಬ ಉತ್ತರ ಬಂತು. ಆ ಮಾತು ಬಾಟಲಿಯಲ್ಲಿಯೇ ಮಾಗುವ ವಿಂಟೇಜ್ ಪೋರ್ಟಿಗೆ ಹೊಂದುತ್ತದೆ, ಟಾನಿಗಲ್ಲ. ಟಾನಿ ಮಾಗುವುದೆಲ್ಲ ಮರದಲ್ಲಿ. ಬಾಟಲಿಗೆ ಬಂದ ದಿನವೇ ಅದು ಕುಡಿಯಲು ಸಿದ್ಧ, ಆಮೇಲೆ ಅದರ ತಾಜಾತನ ನಿಧಾನವಾಗಿ ಕುಗ್ಗುವುದೇ ಹೊರತು ಹೆಚ್ಚುವುದಿಲ್ಲ. ವಯಸ್ಸಿನ ಅಂಕಿಯಿರುವ ಟಾನಿಗಳ ಹಿಂಬದಿಯಲ್ಲಿ "ಎಂಗರಫಾದು ಎಂ" ಎಂಬ ಪೋರ್ಚುಗೀಸ್ ಮಾತಿನ ಮುಂದೆ ತುಂಬಿದ ವರ್ಷ ಇರುತ್ತದೆ. ಅದನ್ನು ನೋಡದೆ ಹಣ ಕೊಡಬೇಡಿ. ನಾನು ಅಲ್ಲಿಂದ ಹೊರಬಂದು, ಮನೆಯ ಕಡೆಯ ಒಂದು ಸಣ್ಣ ವೈನಂಗಡಿಯಲ್ಲಿ ಹೇಳಿಟ್ಟು, ಹೊಸ ಸರಕು ಬರುವವರೆಗೆ ಕಾದು ಕೊಂಡೆ. ಕತ್ತಿನ ಮೇಲೆ ಸಂಖ್ಯೆಯಿರುವ ಕಾಗದದ ಪಟ್ಟಿಯನ್ನೂ ನೋಡಿಕೊಳ್ಳಿ; ಅದು ಸರ್ಕಾರಿ ಸಂಸ್ಥೆಯ ಖಾತರಿಯ ಮುದ್ರೆ.

ಮನೆಯ ಪರೀಕ್ಷೆಯಲ್ಲಿ ಸುರಿಯುವ ಕೆಲಸ ನನ್ನ ಹೆಂಡತಿಯದು. ಬಾಟಲಿಗಳನ್ನು ಅಡುಗೆಮನೆಯಲ್ಲೇ ಬಿಟ್ಟು, ಒಂದೇ ಆಕಾರದ ಲೋಟಗಳ ಬುಡಕ್ಕೆ ಅಂಕಿಯ ಚೀಟಿ ಅಂಟಿಸಿ, ತಲಾ ಮೂವತ್ತು ಮಿಲಿಲೀಟರಿನಷ್ಟು ಸುರಿದು ತಂದಿಡುತ್ತಿದ್ದಳು. ಮೇಜಿನ ಮೇಲೆ ನೀರು, ಉಪ್ಪಿಲ್ಲದ ಬ್ರೆಡ್ಡು, ಒಂದು ಪುಸ್ತಕ ಮಾತ್ರ. ಮಧ್ಯಾಹ್ನ ಖಾರದ ಸಾರು ಉಂಡಿದ್ದರೆ ಆ ದಿನ ಬೇಡವೆಂದು ಮುಂದಕ್ಕೆ ಹಾಕುತ್ತಿದ್ದೆವು, ಏಕೆಂದರೆ ಖಾರ ಉಂಡ ಬಾಯಿಗೆ ಸಿಹಿಯ ಹೊರತು ಮತ್ತೇನೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಬೇಡ. 20% ಮದ್ಯಸಾರದ ಪೇಯದಲ್ಲಿ ನಾಲ್ಕನೆಯ ಲೋಟದ ಹೊತ್ತಿಗೆ ನಾಲಿಗೆಯ ತೀರ್ಪನ್ನು ನಂಬುವುದು ಕಷ್ಟ.

ಗ್ರಹಾಮ್ಸ್ ದುಂಡಾಗಿ, ಸಿಹಿಯಾಗಿ, ಹಣ್ಣಿನ ತಿರುಳು ಇನ್ನೂ ಉಳಿದಂತೆ ಇತ್ತು. ಟೇಲರ್ಸ್‌ನಲ್ಲಿ ಅಂಜೂರದ ಜೊತೆಗೆ ಮರದ ಮಸಾಲೆಯಂಥ ಘಮ, ಕೊನೆಯಲ್ಲಿ ಸ್ವಲ್ಪ ಒಗರು. ಆ ಒಗರಿನಿಂದಲೇ ಸಿಹಿ ಮುಖಕ್ಕೆ ಹೊಡೆಯುತ್ತಿರಲಿಲ್ಲ. ಎರ್ವಮೊಯಿರಾದ್ದು ಮೂರರಲ್ಲಿ ಹಗುರ, ಅಕ್ರೋಟು ಮತ್ತು ಕಿತ್ತಳೆ ಸಿಪ್ಪೆ ಎದ್ದು ಕಾಣುತ್ತಿದ್ದವು. ಇವು ನನ್ನ ನಾಲಿಗೆಗೆ ದಕ್ಕಿದ ಮಾತುಗಳು, ನಿಮ್ಮದು ಬೇರೆಯಾಗಬಹುದು. ಆದರೆ ಒಂದು ಸಂಗತಿ ಎಲ್ಲರಿಗೂ ಅನ್ವಯಿಸುತ್ತದೆ. ಬೆಚ್ಚನೆಯ ಸಂಜೆ ಅಡುಗೆಮನೆಯ ಬಿಸಿಯಲ್ಲಿದ್ದ ಬಾಟಲಿಗಳಿಂದ ಸುರಿದಾಗ ಮೂರರಲ್ಲೂ ಮದ್ಯಸಾರದ ಚುರುಕೇ ಮುಂದಾಗಿ ಗ್ರಹಾಮ್ಸ್ ಅತಿ ಸಿಹಿ ಎನಿಸಿತ್ತು. ಫ್ರಿಜ್ಜಿನಿಂದ ತೆಗೆದು ಹತ್ತಿಪ್ಪತ್ತು ನಿಮಿಷ ಹೊರಗಿಟ್ಟು, 12ರಿಂದ 14 ಡಿಗ್ರಿಯ ಸುಮಾರಿನಲ್ಲಿ ಸುರಿದಾಗ ಅದೇ ಗ್ರಹಾಮ್ಸ್ ನನಗೆ ಮೊದಲನೆಯದಾಯಿತು. ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎಂಬ ಕೆಂಪು ವೈನಿನ ಉಪದೇಶವನ್ನು ಟಾನಿಗೆ ಹಚ್ಚಬೇಡಿ; ನಮ್ಮ ಊರುಗಳ ಬಿಸಿಲಿನಲ್ಲಂತೂ ಅದರಿಂದ ಒಳ್ಳೆಯ ಬಾಟಲಿಯೂ ಕೆಟ್ಟ ಹೆಸರು ಪಡೆಯುತ್ತದೆ.

20 ವರ್ಷದ್ದು ಉತ್ತಮವೇ ಎಂದರೆ ಹೌದು, ಅನುಮಾನವಿಲ್ಲ. ಆದರೆ ಮೊದಲ ಬಾರಿ ಕುಡಿಯುವವರಿಗೆ ಇಮ್ಮಡಿ ಬೆಲೆಗೆ ಇಮ್ಮಡಿ ಸಂತೋಷ ಸಿಗುತ್ತದೆ ಎಂದು ಹೇಳಲಾರೆ. 10 ವರ್ಷದ್ದರಲ್ಲಿ ಹಣ್ಣು ಮತ್ತು ಮರ ಎರಡೂ ಒಟ್ಟಿಗೆ ಸಿಗುತ್ತವೆ, ಊಟದ ಕೊನೆಯಲ್ಲಿ ಯಾರಿಗೂ ಹಿಡಿಸುತ್ತದೆ. 20 ವರ್ಷದ್ದನ್ನು ಬಾಟಲಿಯ ಲೆಕ್ಕದಲ್ಲಿ ಕೊಳ್ಳುವ ಮೊದಲು ಲೋಟದ ಲೆಕ್ಕದಲ್ಲಿ ಸವಿಯಿರಿ. ರಿಸರ್ವ್ ಕೊಂಡು ಉಳಿಸಿದ ಹತ್ತು ಯೂರೋಗಿಂತ ನೀವು ಕಳೆದುಕೊಳ್ಳುವುದೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಮಾಗಿದ ಟಾನಿಯ ಗುಣ ಕಾಣತೊಡಗುವ ಮೊದಲ ಮೆಟ್ಟಿಲು 10 ವರ್ಷದ್ದೇ.

ಎಷ್ಟು ತರಬಹುದು ಎಂಬ ಪ್ರಶ್ನೆ ಆಮೇಲೆ ಬಂತು. ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ ಅಥವಾ ವೈನು ತಲಾ 2 ಲೀಟರ್. ಪೂರ್ಣ ಬಾಟಲಿ 750 ಮಿಲಿಲೀಟರಿನದು. ಎರಡಾದರೆ ಒಂದೂವರೆ ಲೀಟರ್, ಮೂರಾದರೆ 2.25, ಅಂದರೆ ಮಿತಿ ಮೀರಿತು. ಹಲವು ತಯಾರಕರು 375 ಮಿಲಿಲೀಟರಿನ ಅರ್ಧ ಬಾಟಲಿಗಳನ್ನೂ ಮಾರುತ್ತಾರೆ ಎಂದು ವೈನಂಗಡಿಯವರು ಹೇಳಿದಾಗ ಲೆಕ್ಕ ಹೊಂದಿತು. ಗ್ರಹಾಮ್ಸ್ ಮತ್ತು ಎರ್ವಮೊಯಿರಾದ 10 ವರ್ಷದವು ಒಂದೊಂದು ಪೂರ್ಣ ಬಾಟಲಿ, ಭಾವನಿಗೆ ವ್ಯತ್ಯಾಸ ತಿಳಿಯಲೆಂದು 20 ವರ್ಷದ್ದು ಒಂದು ಅರ್ಧ ಬಾಟಲಿ, ಒಟ್ಟು 1.875 ಲೀಟರ್. ಮಿತಿಗಿಂತ ಹೆಚ್ಚು ತಂದರೆ ಕೆಂಪು ದಾರಿಯಲ್ಲಿ ಹೋಗಿ ಘೋಷಿಸಿ ಸುಂಕ ಕಟ್ಟಬೇಕಾಗುತ್ತದೆ, ಆಗ ಅಗ್ಗವೆಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ನಿಯಮಗಳು ಬದಲಾಗುವುದುಂಟು, ಹೊರಡುವ ವಾರದಲ್ಲಿ ಸೀಮಾ ಸುಂಕ ಇಲಾಖೆಯ ಪ್ರಕಟಣೆಯನ್ನು ಮತ್ತೊಮ್ಮೆ ಓದಿಕೊಳ್ಳಿ.

ಯುರೋಪಿನ ಹೊರಗೆ ವಾಸವಿರುವ ಪ್ರವಾಸಿಗರು ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ತೆರಿಗೆ ಮರುಪಾವತಿಯ ಕಾಗದ ಮಾಡಿಸಿಕೊಳ್ಳಬಹುದು. ಅದಕ್ಕೆ ಕನಿಷ್ಠ ಖರೀದಿಯ ಮೊತ್ತವಿದೆ, ಎಲ್ಲ ಅಂಗಡಿಗಳೂ ಮಾಡಿಕೊಡುವುದಿಲ್ಲ. ನಾನು ಅಲ್ಲಿನ ನಿವಾಸ ಪರವಾನಗಿಯ ಮೇಲೆ ಇದ್ದವನಾದ್ದರಿಂದ ಆ ಸೌಲಭ್ಯ ದೊರೆಯಲಿಲ್ಲ. ರಸೀದಿಗಳನ್ನಂತೂ ಎಲ್ಲರೂ ಇಟ್ಟುಕೊಳ್ಳಬೇಕು.

ಪೋರ್ಟಿನ ಮದ್ಯಸಾರ 24%ಕ್ಕಿಂತ ಕಡಿಮೆಯಾದ್ದರಿಂದ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಲು ವಿಮಾನ ಸುರಕ್ಷತೆಯ ದೃಷ್ಟಿಯಿಂದ ಅಡ್ಡಿಯಿಲ್ಲ. ಕೈಚೀಲದಲ್ಲಿ ಒಯ್ಯಲು ಮಾತ್ರ ಬಿಡುವುದಿಲ್ಲ. ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಕೊಂಡು, ನಡುವೆ ವಿಮಾನ ಬದಲಿಸುವವರು ಮುದ್ರೆ ಹಾಕಿದ ಪಾರದರ್ಶಕ ಚೀಲವನ್ನು ಮನೆ ಸೇರುವವರೆಗೆ ತೆರೆಯಬಾರದು. ಟಾನಿಯ ಬಿರಡೆಗೆ ಮೇಲೊಂದು ಪ್ಲಾಸ್ಟಿಕ್ ಅಥವಾ ಮರದ ಟೋಪಿ ಇರುತ್ತದೆ, ಕೈಯಿಂದ ತಿರುವಿದರೆ ಬರುತ್ತದೆ. ಬಿರಡೆ ಕೀಳುವ ತಿರುಪು ಬೇಡವೆಂಬುದು ಅನುಕೂಲವೇ, ಆದರೆ ಅಡ್ಡ ಮಲಗಿಸಿದರೆ ಒಸರಬಹುದೆಂದು ಕತ್ತಿಗೆ ಅಂಟುಪಟ್ಟಿ ಸುತ್ತಿ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದಪ್ಪ ಸ್ವೆಟರಿನೊಳಗೆ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟೆ. ಬೆಂಗಳೂರಿನಲ್ಲಿ ಪೆಟ್ಟಿಗೆ ಬರುವವರೆಗೆ ನಿಂತು ಕಾದದ್ದು, ಬಂದ ಕೂಡಲೇ ಮೂಲೆಗಳನ್ನು ಮುಟ್ಟಿ ಒದ್ದೆಯಿಲ್ಲವೆಂದು ಖಚಿತಪಡಿಸಿಕೊಂಡದ್ದು ಈಗಲೂ ಕಣ್ಣ ಮುಂದಿದೆ. ಕ್ಷಕಿರಣ ಯಂತ್ರದ ಬಳಿ ಅಧಿಕಾರಿಯೊಬ್ಬರು ಎಷ್ಟು ಬಾಟಲಿ ಎಂದು ಕೇಳಿದರು. ರಸೀದಿ ತೋರಿಸಿ ಅಳತೆ ಹೇಳಿದೆ, ಹೋಗಿ ಎಂದರು.

ಊಟದ ದಿನ ಭಾವ 20 ವರ್ಷದ್ದನ್ನು ಬಹಳ ಮೆಚ್ಚಿದರು, ಆದರೆ ಎರಡನೆಯ ಸುತ್ತಿಗೆ ಲೋಟ ಚಾಚಿದ್ದು ಎರ್ವಮೊಯಿರಾಕ್ಕೆ. "ಇದು ಮುಗಿದರೆ ಇನ್ನೊಂದು ತರಿಸೋಣ ಕಣೋ" ಎಂದರು. ಅವರಿಗೆ ಸಕ್ಕರೆ ಕಾಯಿಲೆ ಗಡಿಯಲ್ಲಿದೆ. ಒಂದು ಲೀಟರಿನಲ್ಲಿ ನೂರು ಗ್ರಾಮಿನಷ್ಟು ಸಕ್ಕರೆ ಇರುವುದು ಪೋರ್ಟಿನಲ್ಲಿ ಸಾಮಾನ್ಯ, ಅಂದರೆ ಐವತ್ತು ಮಿಲಿಲೀಟರಿಗೆ ಐದು ಗ್ರಾಂ. ಅದನ್ನು ಅಕ್ಕನಿಗೆ ಮೊದಲೇ ತಿಳಿಸಿದ್ದರಿಂದ ಅಳತೆ ಅವಳ ಕೈಯಲ್ಲೇ ಇತ್ತು. ತೆರೆದ ಬಾಟಲಿಯನ್ನು ಬಿರಡೆ ಹಾಕಿ, ನಿಲ್ಲಿಸಿ, ಫ್ರಿಜ್ಜಿನಲ್ಲಿಟ್ಟರೆ 10 ವರ್ಷದ ಟಾನಿ ಒಂದೆರಡು ತಿಂಗಳು ಚೆನ್ನಾಗಿಯೇ ಇರುತ್ತದೆ. ಮರದಲ್ಲಿ ಇಷ್ಟು ಕಾಲ ಗಾಳಿಯ ಜೊತೆಗೇ ಬಾಳಿದ್ದರಿಂದ ಅದು ವಿಂಟೇಜ್ ಪೋರ್ಟಿನಂತೆ ಎರಡು ಮೂರು ದಿನಕ್ಕೆ ಸೋಲುವುದಿಲ್ಲ. ತೆರೆದ ದಿನಾಂಕವನ್ನು ಸಣ್ಣ ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿದ್ದೇವೆ. ತೆರೆಯದ ಬಾಟಲಿಯನ್ನೂ ಬೆಳಕು ಬೀಳದ ಕಪಾಟಿನಲ್ಲಿ ನಿಲ್ಲಿಸಿಯೇ ಇಡಬೇಕು, ಬರುವ ಬೇಸಿಗೆಗೆ ಮುನ್ನ ಮುಗಿಸಬೇಕು.